ಮೊಣಕಾಲು ಸವೆತ: ಆಪರೇಷನ್ ಬಿಟ್ಟು ಏನೇನಿದೆ, ಯಾವುದು ಮೊದಲು, ಯಾವುದು ಆಮೇಲೆ

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಬರುವವರು ಮೊಣಕಾಲಿನವರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅದರೊಳಗೆ ಎಕ್ಸ್‌ರೇ, ಅರ್ಧ ಮುಗಿದ ಮುಲಾಮು, ಮೂರು ನಮೂನೆ ಗುಳಿಗೆ, ಸಡಿಲಾದ ನೀ ಕ್ಯಾಪ್, ಬೀಗರು ಯಾರೋ ಕೊಟ್ಟ ಎಣ್ಣೆ. "ಎಲ್ಲಾ ಮಾಡಿ ನೋಡೇವ್ರೀ" ಅನ್ನುತ್ತಾರೆ. ಕೇಳುತ್ತಾ ಹೋದರೆ, ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ ದುಡ್ಡು ಕಳೆದಿರುತ್ತಾರೆ. ಮೊದಲು ಮಾಡಬೇಕಾದ್ದು ಇನ್ನೂ ಶುರುವೇ ಆಗಿರುವುದಿಲ್ಲ.

ಮೊಣಕಾಲು ಸವೆತಕ್ಕೆ, ಅಂದರೆ ಡಾಕ್ಟರುಗಳು ಆಸ್ಟಿಯೋಆರ್ಥ್ರೈಟಿಸ್ ಅನ್ನುವ ಕಾಯಿಲೆಗೆ, ಆಪರೇಷನ್ ಇಲ್ಲದ ಚಿಕಿತ್ಸೆ ಬೇಕಾದಷ್ಟಿದೆ. ಅದಕ್ಕೊಂದು ಕ್ರಮವೂ ಇದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಡಾಕ್ಟರನ್ನು ಬಿಡಬೇಡಿ. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿರಲಿ, ಅಷ್ಟೇ.

ಇದು ಸವೆತವೇ ಹೌದಾ?

ವಯಸ್ಸು 45 ದಾಟಿದೆ. ನಡೆದಾಗ, ಮೆಟ್ಟಿಲು ಹತ್ತಿ ಇಳಿದಾಗ ನೋವು ಬರುತ್ತದೆ, ಕೂತರೆ ಕಡಿಮೆಯಾಗುತ್ತದೆ. ಬೆಳಗ್ಗೆ ಎದ್ದಾಗ ಕಾಲು ಬಿಗಿ ಹಿಡಿದಿರುತ್ತದೆ, ಆದರೆ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇಷ್ಟಿದ್ದರೆ ಅದು ಸವೆತವೇ ಇರಬಹುದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2022ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಇಂಥವರಿಗೆ ಎಕ್ಸ್‌ರೇ ಕೂಡ ಮಾಮೂಲಿಯಾಗಿ ಬೇಕಿಲ್ಲ. ಎಂಆರ್‌ಐ ಅಂತೂ ದೂರದ ಮಾತು.

ಎಕ್ಸ್‌ರೇ ಬಗ್ಗೆ ಒಂದು ಮಾತು ಹೇಳಲೇಬೇಕು. ವರದಿಯಲ್ಲಿ ಸವೆತ ಗ್ರೇಡ್ 3, ಗ್ರೇಡ್ 4 (4 ಅಂದರೆ ಎಲ್ಲಕ್ಕಿಂತ ಜಾಸ್ತಿ) ಅಂತ ಬರೆದಿದ್ದನ್ನು ಓದಿ ಜನ ಕುಸಿದು ಹೋಗುತ್ತಾರೆ. ಆದರೆ ಎಕ್ಸ್‌ರೇಗೂ ನೋವಿಗೂ ಅಂಥ ನೇರ ಸಂಬಂಧ ಇಲ್ಲ. ಗ್ರೇಡ್ 4 ಇದ್ದವರು ದಿನಾ ಮಾರ್ಕೆಟ್ಟಿಗೆ ನಡೆದು ಹೋಗಿ ಬರುವುದನ್ನು ನೋಡುತ್ತೇನೆ. ಗ್ರೇಡ್ 2 ಇದ್ದವರು ರಾತ್ರಿ ನಿದ್ದೆ ಇಲ್ಲದೆ ಒದ್ದಾಡುವುದನ್ನೂ ನೋಡುತ್ತೇನೆ. ಚಿಕಿತ್ಸೆ ನಿಮಗೆ, ಎಕ್ಸ್‌ರೇಗೆ ಅಲ್ಲ.

ಕೆಲವು ಲಕ್ಷಣ ಇದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಮೊಣಕಾಲು ಬಾತು, ಕೆಂಪಾಗಿ, ಮುಟ್ಟಿದರೆ ಬಿಸಿ ಇದ್ದು, ಜೊತೆಗೆ ಜ್ವರ ಬಂದರೆ ಅವತ್ತೇ ಹೋಗಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಡಚಿದ ಕಾಲು ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ಮೀನಖಂಡ ಏಕಾಏಕಿ ಬಾತರೆ ಅವತ್ತೇ ತೋರಿಸಿ. ಕೈಬೆರಳಿನ ಗಂಟುಗಳೂ ಬಾತು, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ಬೇರೆ ಜಾತಿಯ ಸಂಧಿವಾತ ಇರಬಹುದು. ಅದಕ್ಕೆ ಔಷಧಿಯೇ ಬೇರೆ.

ನಮ್ಮ ಕಡೆಯ ಮೊಣಕಾಲು

ವಯಸ್ಸು, ತೂಕ, ಹಳೇ ಪೆಟ್ಟು, ಮನೆತನದಲ್ಲಿ ಬಂದದ್ದು, ಇವೆಲ್ಲ ಎಲ್ಲ ಊರಿನಲ್ಲೂ ಇರುವ ಕಾರಣಗಳೇ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಜಾಸ್ತಿ. ಇದರ ಮೇಲೆ ನಮ್ಮ ಕಡೆ ಕೆಲಸದ ಭಾರ ಬೇರೆ. ನವಲಗುಂದ, ಅಣ್ಣಿಗೇರಿ ಕಡೆಯ ಹೆಣ್ಣುಮಕ್ಕಳು ಎರೆಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ನೆಲಕ್ಕೆ ಕೂತವರು ಸಂಜೆಗೇ ಏಳುವುದು. ಮನೆಗೆ ಬಂದ ಮೇಲೆ ಮತ್ತೆ ನೆಲಕ್ಕೆ ಕೂತು ರೊಟ್ಟಿ ಬಡಿಯಬೇಕು. ಇವರಿಗೆ "ರೆಸ್ಟ್ ತಗೊಳ್ಳಿ, ನೆಲಕ್ಕೆ ಕೂರಬೇಡಿ" ಅಂತ ಬರೆದು ಕೊಟ್ಟರೆ ಆ ಚೀಟಿಯೂ ಚೀಲ ಸೇರುತ್ತದೆ. ಅವರ ಮನೆ, ಅವರ ಕೆಲಸ ನೋಡಿಕೊಂಡೇ ಹೇಳಬೇಕು.

ಮೊದಲ ಚಿಕಿತ್ಸೆ ತೊಡೆಗೆ

ನವಲಗುಂದದ ಕಡೆಯ ಒಬ್ಬ ಅಜ್ಜಿ ನನ್ನನ್ನೇ ತರಾಟೆಗೆ ತೆಗೆದುಕೊಂಡಿದ್ದರು. "ಅಲ್ರೀ ಬಾಯಾರ, ಬೇರಿಂಗ್ ಹ್ವಾದ ಗಾಡಿ ಓಡಿಸಿದಷ್ಟೂ ಕೆಡತೈತಿ. ಸವೆದ ಕಾಲು ಆಡಿಸು ಅಂತೀರಲ್ಲ, ಇನ್ನೂ ಸವಿಯೂದಿಲ್ಲೇನು?"

ಪ್ರಶ್ನೆ ಸರಿಯಾದದ್ದೇ. ಆದರೆ ಕಾಲು ಜೀವಂತ ಇದೆ, ಬೇರಿಂಗ್ ಅಲ್ಲ. ಮೊಣಕಾಲಿನ ಮೂಳೆಗಳ ತುದಿಗೆ ಇರುವ ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಹೆಜ್ಜೆ ಹಾಕಿದಾಗ ಅದು ಒತ್ತಿಕೊಳ್ಳುತ್ತದೆ, ಬಿಟ್ಟಾಗ ಕೀಲಿನ ದ್ರವ ಒಳಗೆ ಹೋಗುತ್ತದೆ. ಅದರ ಊಟ ಬರುವುದೇ ಹಾಗೆ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಇದ್ದರೆ ಪ್ರತಿ ಹೆಜ್ಜೆಯ ಭಾರವನ್ನು ಅದು ಹಂಚಿಕೊಳ್ಳುತ್ತದೆ. ನೋವಿಗೆ ಹೆದರಿ ಕೂತುಬಿಟ್ಟರೆ ಅದೇ ಸ್ನಾಯು ಸೊರಗುತ್ತದೆ, ನೋವು ಇನ್ನೂ ಜಾಸ್ತಿಯಾಗುತ್ತದೆ. ಇನ್ನೂ ಜಾಸ್ತಿಯಾಯಿತು ಅಂತ ಇನ್ನೂ ಕೂರುತ್ತಾರೆ.

ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ, ನೈಸ್ 2022ರಲ್ಲಿ, ಎರಡೂ ವ್ಯಾಯಾಮವನ್ನೇ ಮೊದಲ ಸಾಲಿನಲ್ಲಿ ಇಟ್ಟಿವೆ. 2020ರಲ್ಲಿ ಅಮೆರಿಕದಲ್ಲಿ 156 ಜನರ ಮೇಲೆ ಒಂದು ಪರೀಕ್ಷೆಯ ಫಲಿತಾಂಶ ಬಂತು. ಅರ್ಧ ಜನಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಅರ್ಧ ಜನಕ್ಕೆ ಫಿಸಿಯೋಥೆರಪಿ. ಒಂದು ವರ್ಷದ ನಂತರ ನೋಡಿದರೆ ಫಿಸಿಯೋಥೆರಪಿ ಮಾಡಿದವರಿಗೆ ನೋವು ಕಡಿಮೆ ಇತ್ತು, ಓಡಾಟ ಚೆನ್ನಾಗಿತ್ತು.

ಈಗ ಮಾಡುವ ವಿಧಾನ. ಇದಕ್ಕೆ ಜಿಮ್ ಬೇಡ.

ಹಾಸಿಗೆಯಲ್ಲೇ ಶುರು ಮಾಡಿ. ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಡಿ. ಟವೆಲ್ಲನ್ನು ಮೊಣಕಾಲಿನಿಂದ ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ. ಹತ್ತು ಸಲ. ಒತ್ತುವಾಗ ತೊಡೆಯ ಮೇಲೆ ಕೈ ಇಟ್ಟು ನೋಡಿ. ಮೊಣಕಾಲು ಚಿಪ್ಪಿನ ಸ್ವಲ್ಪ ಮೇಲೆ, ಒಳಬದಿಯ ಸ್ನಾಯು ಬೆರಳಿಗೆ ಗಟ್ಟಿಯಾಗಿ ಸಿಗಬೇಕು, ಚಿಪ್ಪು ಒಂದಿಷ್ಟು ಮೇಲಕ್ಕೆ ಸರಿಯಬೇಕು. ಬರೀ ಪಾದ ಅಲ್ಲಾಡಿ ತೊಡೆ ಮೆತ್ತಗೇ ಇದ್ದರೆ ವ್ಯಾಯಾಮ ಆಗಿಲ್ಲ. ಉಸಿರು ಮಾತ್ರ ಬಿಗಿ ಹಿಡಿಯಬೇಡಿ.

ಆಮೇಲೆ ಅಂಗಾತ ಮಲಗಿ. ಒಂದು ಕಾಲು ಮಡಚಿ ಇಟ್ಟು, ಇನ್ನೊಂದನ್ನು ನೆಟ್ಟಗೆ ಒಂದೂವರೆ ಗೇಣು ಎತ್ತಿ. ಐದು ಎಣಿಸಿ ನಿಧಾನಕ್ಕೆ ಇಳಿಸಿ. ಇದೂ ಹತ್ತು. ಪಕ್ಕಕ್ಕೆ ತಿರುಗಿ ಮಲಗಿ ಮೇಲಿನ ಕಾಲನ್ನು ಅದೇ ಥರ ಎತ್ತಿದರೆ ಸೊಂಟದ ಬದಿಯ ಸ್ನಾಯುವಿಗೂ ಕೆಲಸ ಸಿಗುತ್ತದೆ. ನಡೆಯುವಾಗ ಮೊಣಕಾಲು ಒಳಕ್ಕೆ ವಾಲದಂತೆ ಹಿಡಿಯುವುದು ಅದೇ. ಎರಡು ವಾರದ ಮೇಲೆ ಹಗುರ ಅನ್ನಿಸಿದರೆ ಅರ್ಧ ಕಿಲೋ ಜೋಳ ತುಂಬಿದ ಬಟ್ಟೆ ಚೀಲವನ್ನು ಪಾದಕ್ಕಿಂತ ತುಸು ಮೇಲೆ, ಕಣಕಾಲಿಗೆ ಕಟ್ಟಿಕೊಳ್ಳಿ. ಆಮೇಲೆ ಒಂದು ಕಿಲೋ ಮಾಡಿ. ಅಂಗಡಿಯಲ್ಲಿ ಸಿಗುವ ವೇಟ್ ಕಫ್ ಕೂಡ ಇದೇ ಕೆಲಸ ಮಾಡುವುದು.

ನಾನು ಎಲ್ಲಕ್ಕಿಂತ ನಂಬುವುದು ಕುರ್ಚಿ ವ್ಯಾಯಾಮವನ್ನು. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಜಾರಬಾರದು. ಕುರ್ಚಿಯ ಮುಂದಿನ ಅಂಚಿಗೆ ಬನ್ನಿ. ಪಾದ ಎರಡೂ ಭುಜದಷ್ಟು ಅಗಲ ಇರಲಿ, ಮೊಣಕಾಲಿಗಿಂತ ತುಸು ಹಿಂದಕ್ಕೆ ಇರಲಿ. ಕೈ ಎದೆಗೆ ಕಟ್ಟಿ. ಮೊದಲು ಎದೆಯನ್ನು ಮುಂದಕ್ಕೆ ಬಾಗಿಸಿ, ಮೂಗು ಕಾಲಿನ ಹೆಬ್ಬೆರಳಿನ ನೇರಕ್ಕೆ ಬಂದ ಮೇಲೆ ಏಳಿ. ಹೆಚ್ಚಿನವರು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಏಳಲು ನೋಡುತ್ತಾರೆ, ಆಗದೆ ತೊಡೆಗೆ ಕೈ ಊರುತ್ತಾರೆ. ಏಳುವಾಗ ಎರಡು ಮೊಣಕಾಲು ಒಂದಕ್ಕೊಂದು ಹತ್ತಿರ ಬರಬಾರದು. ಕನ್ನಡಿ ಎದುರಿಗಿದ್ದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಮೊಮ್ಮಗಳನ್ನು ಎದುರಿಗೆ ಕೂರಿಸಿ, ಹುಡುಗರು ಇಂಥದ್ದನ್ನು ಸರಿಯಾಗಿ ಹಿಡಿಯುತ್ತಾರೆ. ಕೂರುವಾಗ ನಾಲ್ಕು ಎಣಿಸುವಷ್ಟು ನಿಧಾನಕ್ಕೆ ಇಳಿಯಿರಿ. ದೊಪ್ಪನೆ ಕೂತರೆ ಅರ್ಧ ವ್ಯಾಯಾಮ ಹೋಯಿತು, ನಿಧಾನಕ್ಕೆ ಇಳಿಯುವಾಗಲೂ ಸ್ನಾಯು ಗಟ್ಟಿಯಾಗುತ್ತದೆ.

ಮೊದಮೊದಲು ಐದು ಸಲ ಸಾಕು. ನೋವು ಬಂದರೆ ಬಿಡಬೇಡಿ, ಕುರ್ಚಿ ಮೇಲೆ ಒಂದು ದಿಂಬು, ಬೇಕಾದರೆ ಎರಡು ದಿಂಬು ಹಾಕಿ ಎತ್ತರ ಮಾಡಿ. ಎತ್ತರ ಜಾಸ್ತಿ ಆದಷ್ಟೂ ಮೊಣಕಾಲಿಗೆ ಭಾರ ಕಡಿಮೆ. ವಾರ ಕಳೆದಂತೆ ಹತ್ತಕ್ಕೆ ಏರಿಸಿ, ಎರಡು ಸುತ್ತು, ಮೂರು ಸುತ್ತು ಮಾಡಿ, ಒಂದೊಂದೇ ದಿಂಬು ತೆಗೆಯಿರಿ. ಇದನ್ನು ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಸಾಕು. ಹಾಸಿಗೆಯಲ್ಲಿ ಮಾಡುವಂಥದ್ದು ದಿನಾ ಇರಲಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಬಾಗಿಲ ಮುಂದಿನ ತಗ್ಗಾದ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ ಇಳಿಯುವುದು ಆಮೇಲೆ ಸೇರಿಸಿಕೊಳ್ಳಬಹುದು.

ಎಷ್ಟು ನೋವು ಸರಿ? ಸೊನ್ನೆಯಿಂದ ಹತ್ತರವರೆಗೆ ಅಳತೆ ಇಟ್ಟುಕೊಳ್ಳಿ. ಮಾಡುವಾಗ ನಾಲ್ಕರವರೆಗೆ ನೋವು ಬಂದರೆ ಚಿಂತೆ ಇಲ್ಲ. ಮರುದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಅಥವಾ ಕಾಲು ಬಾತರೆ, ಮುಂದಿನ ಸಲ ಎಣಿಕೆ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹತ್ತು ದಿನಕ್ಕೆ ಬಿಡುತ್ತಾರೆ. "ಏನೂ ಫರಕ್ ಇಲ್ರೀ" ಅಂತ ಫೋನ್ ಮಾಡುತ್ತಾರೆ. ಅದಕ್ಕೇ ನಾನು ನೋವನ್ನು ಮಾತ್ರ ಕೇಳುವುದಿಲ್ಲ. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ ಅಂತ ಕ್ಯಾಲೆಂಡರ್ ಮೇಲೆ ಬರೆಯಿಸುತ್ತೇನೆ. ನೋವು ಇಳಿಯುವ ಮೊದಲೇ ಆ ಸಂಖ್ಯೆ ಏರತೊಡಗುತ್ತದೆ. ಗೋಡೆ ಮೇಲಿನ ಆ ಅಂಕಿ ನೋಡಿದ ಮೇಲೆ ಬಿಡುವವರು ಕಡಿಮೆ.

ನಡಿಗೆಯೂ ಬೇಕು. ಹತ್ತು ನಿಮಿಷ ಬೆಳಗ್ಗೆ, ಹತ್ತು ನಿಮಿಷ ಸಂಜೆ, ಅಲ್ಲಿಂದ ಏರಿಸಿ. ಜಾಗ ಸಮತಟ್ಟಾಗಿರಲಿ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ದಂಡೆ ಇದೆ. ಧಾರವಾಡದಲ್ಲಿ ರಸ್ತೆ ಅಂದರೆ ಏರು ಇಲ್ಲವೇ ಇಳಿಜಾರು, ಮೊಣಕಾಲಿಗೆ ಇಳಿಜಾರೇ ಜಾಸ್ತಿ ತ್ರಾಸು. ಅಲ್ಲಿನವರು ಯಾವುದಾದರೂ ಕಾಲೇಜು ಮೈದಾನ ಹುಡುಕಿಕೊಳ್ಳಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತುವ ಹುರುಪು ಸದ್ಯಕ್ಕೆ ಬೇಡ. ಯೋಗ ಮಾಡುವವರು ಮಾಡಿ, ಆದರೆ ನೋವು ಇಳಿಯುವವರೆಗೆ ವಜ್ರಾಸನ, ಪದ್ಮಾಸನ, ಕುಕ್ಕರಗಾಲಿನ ಆಸನಗಳನ್ನು ಬಿಡಿ.

ತೂಕ

ಈ ಮಾತು ಎತ್ತಿದರೆ ಎಲ್ಲರ ಮುಖ ಸಣ್ಣದಾಗುತ್ತದೆ. ಆದರೂ ಲೆಕ್ಕ ಕೇಳಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಐದು ಕಿಲೋ ಇಳಿಸಿದರೆ ಇಪ್ಪತ್ತು ಕಿಲೋ. ದಪ್ಪ ಇರುವವರು ಮೈತೂಕದಲ್ಲಿ ಶೇಕಡಾ 10ರಷ್ಟು ಇಳಿಸಿ, ಜೊತೆಗೆ ವ್ಯಾಯಾಮ ಮಾಡಿದರೆ ನೋವಿನಲ್ಲಿ ಚೆನ್ನಾಗಿ ವ್ಯತ್ಯಾಸ ಕಾಣುತ್ತದೆ. ಅಮೆರಿಕದಲ್ಲಿ 454 ಜನರನ್ನು 18 ತಿಂಗಳು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಬರೀ ಊಟದ ಪಥ್ಯ, ಬರೀ ವ್ಯಾಯಾಮಕ್ಕಿಂತ ಎರಡೂ ಕೂಡಿದಾಗ ಫಲ ಜಾಸ್ತಿ.

ಜೋಳದ ರೊಟ್ಟಿ, ಪಲ್ಲೆ, ಕಾಳು, ಮೊಸರು ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತೂಕ ಬರುವುದು ಸಂಜೆಯ ಗಿರಮಿಟ್ ಜೊತೆಗಿನ ಮಿರ್ಚಿ ಭಜಿಯಿಂದ, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಹಾಕಿದ ಚಹಾದಿಂದ, ಬಂದವರೆಲ್ಲ ತಂದುಕೊಡುವ ಪೇಡೆಯಿಂದ. ರೊಟ್ಟಿ ಒಂದು ಕಡಿಮೆ ಮಾಡಿ, ಪಲ್ಲೆ ಕಾಳು ಒಂದು ಸೌಟು ಜಾಸ್ತಿ ಮಾಡಿ. ಕಾಳು, ಮೊಸರು, ಮೊಟ್ಟೆಯಂಥದ್ದು ಇಲ್ಲದೆ ಸ್ನಾಯು ಬೆಳೆಯುವುದಿಲ್ಲ. ತುಂಬಾ ದಪ್ಪ ಇರುವವರಿಗೆ ಈಗ ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಇಂಜೆಕ್ಷನ್ ಇದೆ, ಅದರಿಂದ ಮೊಣಕಾಲು ನೋವೂ ಇಳಿಯಿತು ಅಂತ 2024ರಲ್ಲಿ ದೊಡ್ಡ ಅಧ್ಯಯನ ಬಂದಿದೆ. ಅದು ಡಾಕ್ಟರ್ ನೋಡಿ ಹೇಳಬೇಕಾದದ್ದು, ಗೆಳತಿ ತಗೊಂಡಳು ಅಂತ ತಗೊಳ್ಳುವುದಲ್ಲ.

ಮನೆಯಲ್ಲಿ ಬದಲಾಯಿಸಬೇಕಾದ್ದು

ರೊಟ್ಟಿಯಿಂದ ಶುರು ಮಾಡೋಣ. ಗ್ಯಾಸ್ ಒಲೆಯನ್ನು ಕಟ್ಟೆ ಮೇಲೆ ಇಟ್ಟುಕೊಂಡವರೂ ರೊಟ್ಟಿಗೆ ಮಾತ್ರ ನೆಲಕ್ಕೆ ಕೂರುತ್ತಾರೆ, ಬಡಿಯುವ ಕೈಗೆ ಆ ಎತ್ತರವೇ ರೂಢಿ. ಕಟ್ಟೆ ಎತ್ತರವಾದರೆ ಭುಜ ನೋಯುತ್ತದೆ ಅನ್ನುವುದೂ ಖರೆ. ಕಟ್ಟೆಗಿಂತ ತಗ್ಗಾದ ಮೇಜಿನ ಮೇಲೆ ಹಲಗೆ ಇಟ್ಟು, ಕೆಳಗೆ ದಪ್ಪ ಒದ್ದೆ ಬಟ್ಟೆ ಹಾಸಿ ಜಾರದಂತೆ ಮಾಡಿ, ಎತ್ತರದ ಸ್ಟೂಲಿನ ಮೇಲೆ ಕೂತು ಬಡಿಯಿರಿ. ಮೇಜು ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ಮೊದಲ ವಾರ ರೊಟ್ಟಿ ದುಂಡಗೆ ಬರುವುದಿಲ್ಲ, ಮನೆಯವರು ತಿನ್ನಲಿ ಬಿಡಿ.

ಇಂಡಿಯನ್ ಟಾಯ್ಲೆಟ್ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ, ಗೋಡೆ ಒಡೆಸಬೇಕಿಲ್ಲ. ಮದುವೆ ಪಂಕ್ತಿಯಲ್ಲಿ, ಮಠದಲ್ಲಿ ಕುರ್ಚಿ ಕೇಳಲು ಹಿರಿಯರು ನಾಚುತ್ತಾರೆ, ನಾಚದೆ ಕೇಳಿ. ಹೊಲದ ಕೆಲಸ ಬಿಡಲು ಆಗದವರು ಕುಕ್ಕರಗಾಲಿನ ಬದಲು ತಗ್ಗಾದ ಸ್ಟೂಲು ಬಳಸಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಸಿಟಿ ಓಡಾಟಕ್ಕೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಒಳ್ಳೆಯದು, ಪ್ಲಾಟ್‌ಫಾರ್ಮ್ ಮಟ್ಟಕ್ಕೇ ಬಾಗಿಲು ಇರುವುದರಿಂದ ಮೆಟ್ಟಿಲು ಹತ್ತುವ ತ್ರಾಸಿಲ್ಲ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಟಕಟೆ ಹಿಡಿದುಕೊಳ್ಳಿ. ಕೋಲು ಹಿಡಿದರೆ ಮುದುಕರಾದ ಹಾಗೆ ಅಂತ ಅಂದುಕೊಳ್ಳಬೇಡಿ, ನೋವಿಗೆ ಇಷ್ಟು ಅಗ್ಗದ ಔಷಧಿ ಬೇರೆ ಇಲ್ಲ. ಆದರೆ ಹಿಡಿಯುವ ಕೈ ತಪ್ಪಬಾರದು. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿ. ನೋವಿನ ಕಾಲಿನ ಜೊತೆಗೇ ಕೋಲೂ ಮುಂದೆ ಹೋಗಬೇಕು. ಕೈ ಸುಮ್ನೆ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬಂದರೆ ಎತ್ತರ ಸರಿ. ಅಜ್ಜನ ಹಳೇ ಬೆತ್ತ ಎಲ್ಲರಿಗೂ ಹೊಂದುವುದಿಲ್ಲ.

ಬಿಸಿನೀರಿನ ಚೀಲ ಹದಿನೈದು ನಿಮಿಷ ಇಟ್ಟರೆ ಬಿಗಿತ ಸಡಿಲವಾಗುತ್ತದೆ. ಬಾತ ದಿನ ಬಟ್ಟೆ ಸುತ್ತಿದ ಐಸ್ ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಬಿಸಿಯನ್ನು ಕೈಯಿಂದ ಪರೀಕ್ಷಿಸಿಯೇ ಇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಹಿತ ಅನ್ನಿಸುತ್ತದೆ, ಮಾಡಿಸಿಕೊಳ್ಳಿ. ಅದು ಚಿಕಿತ್ಸೆ ಅಂತ ಮಾತ್ರ ಎಣಿಸಬೇಡಿ.

ಮುಲಾಮು ಮೊದಲು, ಗುಳಿಗೆ ಆಮೇಲೆ

ಮೊಣಕಾಲು ಚರ್ಮಕ್ಕೆ ಹತ್ತಿರ ಇರುವ ಕೀಲು. ಅದಕ್ಕೇ ಡೈಕ್ಲೋಫೆನಾಕ್ ಥರದ ಜೆಲ್ ಇಲ್ಲಿ ಕೆಲಸ ಮಾಡುತ್ತದೆ, ಹೊಟ್ಟೆಗೆ ಕಿಡ್ನಿಗೆ ಹೋಗುವ ಪಾಲು ಬಹಳ ಕಡಿಮೆ. ಆದರೆ ನಮ್ಮವರು ಹಚ್ಚುವುದು ಕುಂಕುಮ ಹಚ್ಚಿದಷ್ಟು. ಒಂದು ಮೊಣಕಾಲಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರ್ನಾಲ್ಕು ಸಲ. 30 ಗ್ರಾಂ ಟ್ಯೂಬ್ ಒಂದು ತಿಂಗಳು ಬಂತು ಅಂದರೆ ಔಷಧಿ ಹಚ್ಚಿಯೇ ಇಲ್ಲ ಅಂತ ಅರ್ಥ. ಹಚ್ಚಿದ ಮೇಲೆ ಕೈ ತೊಳೆಯಿರಿ, ಅದರ ಮೇಲೆ ಬಿಸಿ ಇಡಬೇಡಿ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ.

ಜೆಲ್ ಸಾಲದಿದ್ದರೆ ಡಾಕ್ಟರ್ ನೋವಿನ ಗುಳಿಗೆ ಕೊಡುತ್ತಾರೆ. ಕಡಿಮೆ ಪ್ರಮಾಣ, ಕಡಿಮೆ ದಿನ, ಹೊಟ್ಟೆ ಕಾಯುವ ಗುಳಿಗೆ ಜೊತೆಗೆ. ಬಿಪಿ, ಕಿಡ್ನಿ, ಹೃದಯ, ಹೊಟ್ಟೆ ಹುಣ್ಣು ಇದ್ದವರು ಅದನ್ನು ಬಾಯಿಬಿಟ್ಟು ಹೇಳಬೇಕು. ಮೆಡಿಕಲ್ ಅಂಗಡಿಯಲ್ಲಿ "ಮೊಣಕಾಲಿಗೆ ಒಂದು ಕೊಡ್ರೀ" ಅಂತ ಕೇಳಿ ತಿಂಗಳಾನುಗಟ್ಟಲೆ ನುಂಗುವುದು ದೊಡ್ಡ ಅಪಾಯ. ಚೀಲದಲ್ಲಿ ಡೈಕ್ಲೋಫೆನಾಕ್ ಒಂದು, ಅಸಿಕ್ಲೋಫೆನಾಕ್ ಇನ್ನೊಂದು, ಎರಡನ್ನೂ ಕೂಡಿಸಿ ನುಂಗುವವರು ಎಷ್ಟೋ ಜನ. ಎರಡೂ ಒಂದೇ ಬಳಗದವು. ಬರೀ ಪ್ಯಾರಾಸಿಟಮಾಲ್ ಈ ನೋವಿಗೆ ಅಷ್ಟಕ್ಕಷ್ಟೇ.

ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ ಬೇಡವೇ ಬೇಡ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸದಲ್ಲ. ಎರಡೇ ದಿನಕ್ಕೆ ಪವಾಡದಂತೆ ನೋವು ಮಾಯ, ಆಮೇಲೆ ಮುಖ ಬಾತು, ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ. ನುಂಗುತ್ತಿದ್ದವರು ಏಕಾಏಕಿ ಬಿಡುವುದೂ ಅಪಾಯ, ಪುಡಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಗ್ಲುಕೋಸಮಿನ್, ಕಾಂಡ್ರಾಯ್ಟಿನ್ ಗುಳಿಗೆಗೆ ದುಡ್ಡು ಹಾಕಬೇಡಿ. 2006ರಲ್ಲಿ 1,583 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ನೋಡಿದರೆ ಔಷಧಿ ಇಲ್ಲದ ಸುಳ್ಳು ಗುಳಿಗೆಗಿಂತ ಅವು ಹೆಚ್ಚೇನೂ ಮಾಡಲಿಲ್ಲ. ಕ್ಯಾಲ್ಸಿಯಂ ಮೂಳೆ ಟೊಳ್ಳಾದವರಿಗೆ, ಕೊರತೆ ಇದ್ದವರಿಗೆ. ಸವೆದ ಮೃದ್ವಸ್ಥಿಯನ್ನು ಅದು ಬೆಳೆಸುವುದಿಲ್ಲ.

ಬೆಲ್ಟು ಮತ್ತು ಮಿಷನ್ನು

ನೀ ಕ್ಯಾಪ್ ಬೆಚ್ಚಗೆ ಹಿಡಿಯುತ್ತದೆ, ಧೈರ್ಯ ಕೊಡುತ್ತದೆ. ನಡೆಯುವಾಗ ಹಾಕಿ, ಮಲಗುವಾಗ ತೆಗೆಯಿರಿ. ಮೊಣಕಾಲಿನ ಒಳಬದಿ ಮಾತ್ರ ಸವೆದು ಕಾಲು ಬಿಲ್ಲಾಗಿದ್ದರೆ ಭಾರವನ್ನು ಹೊರಬದಿಗೆ ಸರಿಸುವ ಬ್ರೇಸ್ ಬೇರೆ ಇದೆ. ಅದನ್ನು ಅಳತೆ ನೋಡಿಯೇ ತಗೊಳ್ಳಬೇಕು.

ಕರೆಂಟ್ ಕೊಡುವ ಮಿಷನ್, ನೋವಿಗೆ ಹಾಕುವ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ) ಬಗ್ಗೆ ನನ್ನ ಕಸುಬಿನವರಿಗೆ ಸಿಟ್ಟು ಬಂದರೂ ಹೇಳುತ್ತೇನೆ. ಹಿತ ಅನ್ನಿಸುತ್ತದೆ, ಆದರೆ ನೈಸ್ ಮಾರ್ಗಸೂಚಿ ಇವನ್ನು ಬೇಡ ಅಂದಿದೆ. ಹದಿನೈದು ದಿನ ಮಿಷನ್ ಹಾಕಿ, ಒಂದೂ ವ್ಯಾಯಾಮ ಹೇಳಿಕೊಡದೆ ಕಳಿಸಿದರೆ ಅದು ಫಿಸಿಯೋಥೆರಪಿ ಅಲ್ಲ. ನನ್ನ ಹತ್ತಿರವೂ ಮಿಷನ್ ಇದೆ. ಜಾಸ್ತಿ ನೋವಿನಲ್ಲಿ ಬಂದವರಿಗೆ ಹತ್ತು ನಿಮಿಷ ಹಾಕುತ್ತೇನೆ, ಆಮೇಲೆ ಕುರ್ಚಿ ಎಳೆಯುತ್ತೇನೆ.

ಇಂಜೆಕ್ಷನ್‌ಗಳು

ಜನ ಇದನ್ನೇ ಮೊದಲು ಕೇಳುತ್ತಾರೆ. "ಗ್ರೀಸ್ ಇಂಜೆಕ್ಷನ್ ಹಾಕಿದ್ರ ಛಲೋ ಆಗ್ತದಂತಲ್ರೀ?"

ಸ್ಟೀರಾಯ್ಡ್ ಇಂಜೆಕ್ಷನ್ ತೀರಾ ನೋವಿದ್ದಾಗ, ಕಾಲು ಬಾತಾಗ ಉಪಯೋಗಕ್ಕೆ ಬರುತ್ತದೆ. ಆರಾಮ ಸಿಗುವುದು ಎರಡರಿಂದ ಹತ್ತು ವಾರದವರೆಗೆ. ಆ ಸಮಯವನ್ನು ವ್ಯಾಯಾಮ ಶುರು ಮಾಡಲು ಬಳಸಿಕೊಂಡರೆ ಇಂಜೆಕ್ಷನ್ ಸಾರ್ಥಕ. ಪದೇ ಪದೇ ಹಾಕಿಸಿಕೊಂಡರೆ ನಷ್ಟವೇ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿದ 2017ರ ಅಧ್ಯಯನದಲ್ಲಿ, ಬರೀ ಉಪ್ಪುನೀರು (ಸಲೈನ್) ಹಾಕಿಸಿಕೊಂಡವರಿಗಿಂತ ನೋವೇನೂ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಜಾಸ್ತಿ ತೆಳುವಾಯಿತು. ಸಕ್ಕರೆ ಕಾಯಿಲೆ ಇದ್ದವರಿಗೆ ಹಾಕಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಪರೀಕ್ಷೆ ಮಾಡಿಕೊಳ್ಳುತ್ತಿರಿ.

ಗ್ರೀಸ್ ಅನ್ನುವುದು ಹಯಲುರಾನಿಕ್ ಆಸಿಡ್. ದುಬಾರಿ. ನೈಸ್ ಇದನ್ನು ಕೊಡಬೇಡಿ ಅನ್ನುತ್ತದೆ. ಅಮೆರಿಕದ ಸಂಧಿವಾತ ತಜ್ಞರ ಸಂಘವೂ ಮೊಣಕಾಲಿಗೆ ಇದರ ಪರ ಇಲ್ಲ. ಹಾಕಿಸಿಕೊಂಡು ಚೆನ್ನಾಗಿದೆ ಅನ್ನುವವರೂ ಇದ್ದಾರೆ, ಅವರ ಅನುಭವ ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲ ಮಾಡಿ ಹಾಕಿಸುವಂಥದ್ದಲ್ಲ.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ಮೊಣಕಾಲಿಗೆ ಹಾಕುವುದು. ಈಗ ಇದರ ಜಾಹೀರಾತು ಎಲ್ಲೆಲ್ಲೂ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಮಾಡಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಪಿಆರ್‌ಪಿಗೂ ಬರೀ ಉಪ್ಪುನೀರಿನ ಇಂಜೆಕ್ಷನ್ನಿಗೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷದ ಮಾತಾಡುವವರಿಂದ ದೂರ ಇರಿ. ಆಪರೇಷನ್ ಮಾಡಿಸಲು ಆಗದ ದೇಹಸ್ಥಿತಿ ಇದ್ದವರಿಗೆ ಮೊಣಕಾಲಿನ ಸುತ್ತಲಿನ ನೋವಿನ ನರಗಳನ್ನು ಬಿಸಿ ಮಾಡಿ ಮಂಕುಗೊಳಿಸುವ ಒಂದು ವಿಧಾನ ಇದೆ. ಪೇನ್ ಕ್ಲಿನಿಕ್ಕಿನ ತಜ್ಞರನ್ನು ಕೇಳಬಹುದು.

ಆಪರೇಷನ್ ಯಾವಾಗ

ದುರ್ಬೀನು ಹಾಕಿ ಮೊಣಕಾಲು ತೊಳೆಯುವುದು ಸವೆತಕ್ಕೆ ಚಿಕಿತ್ಸೆ ಅಲ್ಲ. ಸುಮ್ನೆ ಚರ್ಮ ಮಾತ್ರ ಕೊಯ್ದು ಹೊಲಿದವರಿಗೂ ತೊಳೆಸಿಕೊಂಡವರಿಗೂ ಫಲ ಒಂದೇ ಅಂತ 2002ರಲ್ಲೇ ಗೊತ್ತಾಗಿದೆ.

ಕೀಲು ಬದಲಿಸುವ ಆಪರೇಷನ್ ಬೇರೆ ಮಾತು. ಅದು ಒಳ್ಳೆಯ ಆಪರೇಷನ್, ಹೆದರಿ ವರ್ಷಗಟ್ಟಲೆ ಮೂಲೆಯಲ್ಲಿ ಕೂರುವುದೂ ತಪ್ಪು. ಮೂರರಿಂದ ಆರು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿ, ತೂಕ ನೋಡಿಕೊಂಡು, ಔಷಧಿ ಸರಿಯಾಗಿ ಬಳಸಿಯೂ ರಾತ್ರಿ ನೋವು ಎಬ್ಬಿಸುತ್ತಿದ್ದರೆ, ಮನೆಯೊಳಗೇ ಓಡಾಡಲು ಆಗದಿದ್ದರೆ ಮೂಳೆ ತಜ್ಞರ ಹತ್ತಿರ ಹೋಗಿ. ಜನ ಕಿಮ್ಸ್ ಅಂತ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಆಗಲಿ, ಗದಗ, ಹಾವೇರಿಯ ಜಿಲ್ಲಾ ಆಸ್ಪತ್ರೆ ಆಗಲಿ, ಮೊದಲ ಅಭಿಪ್ರಾಯಕ್ಕೆ ದೊಡ್ಡ ದುಡ್ಡು ಬೇಕಿಲ್ಲ. "ಎಕ್ಸ್‌ರೇ ಬಿಡ್ರೀ, ನನ್ನ ತ್ರಾಸು ನೋಡಿ ಹೇಳ್ರಿ, ಈಗಲೇ ಬೇಕೇನು, ತಡೆದರೆ ಏನು ನಷ್ಟ?" ಅಂತ ನೇರವಾಗಿ ಕೇಳಿ. ನೀವು ಈವರೆಗೆ ಏನೇನು ಮಾಡಿದಿರಿ, ಎಷ್ಟು ವಾರ ಮಾಡಿದಿರಿ ಅನ್ನುವುದನ್ನು ಬರೆದುಕೊಂಡು ಹೋಗಿ. ಕ್ಯಾಲೆಂಡರ್ ಹಾಳೆ ಹರಿದುಕೊಂಡು ಹೋದರೂ ಆದೀತು.

ಆಪರೇಷನ್ ತಾರೀಖು ಸಿಕ್ಕಿತು ಅಂತ ಕುರ್ಚಿ ವ್ಯಾಯಾಮ ನಿಲ್ಲಿಸಬೇಡಿ. ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಮೊದಲ ಸಲ ಎದ್ದು ನಿಲ್ಲುವಾಗ ಬೇಕಾಗುವುದು ಅದೇ ತೊಡೆ.